ಹಳೇ ಹುಲ್ಲಿನ ಬೀಜ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ಇರುವ ನಮ್ಮವರು ಮನೆ ಮುಂದೆ ಹುಲ್ಲು ಬಿತ್ತುವ ಯೋಚನೆಯಲ್ಲಿದ್ದರೆ ಇದನ್ನು ಓದಿಕೊಂಡು ಅಂಗಡಿಗೆ ಹೋಗಿ. ನಾನು 40 ಡಾಲರ್ ಉಳಿಸಲು ಹೋಗಿ ಮುಕ್ಕಾಲು ಲಾನ್ ಕಳೆದುಕೊಂಡೆ.

ಮನೆ ಕೊಂಡ ಹೊಸತು. ಏಪ್ರಿಲ್‌ನಲ್ಲಿ ಒಂದು ಅಂಗಡಿಯಲ್ಲಿ ಟಾಲ್ ಫೆಸ್ಕ್ಯೂ ಮತ್ತು ಪೆರೆನಿಯಲ್ ರೈಗ್ರಾಸ್ ಎಂಬ ಎರಡು ಜಾತಿ ಹುಲ್ಲು ಬೆರೆಸಿದ ಬೀಜದ ಚೀಲಗಳನ್ನು ಅರ್ಧ ಬೆಲೆಗೆ ಇಟ್ಟಿದ್ದರು. ಚೀಲದ ಮೇಲೆ 'ಎಂಡೋಫೈಟ್ ಇರುವ ಬೀಜ, ಕೀಟವನ್ನು ತಾನೇ ತಡೆಯುತ್ತದೆ' ಎಂಬ ಅರ್ಥದ ಮಾತು. ಮನೆಯಲ್ಲಿ ಅಂಬೆಗಾಲಿಡುವ ಮಗು. ಔಷಧಿ ಹೊಡೆಯುವ ಗೋಜೇ ಇಲ್ಲ ಅಂದರೆ ಯಾರಿಗೆ ಬೇಡ ಅಲ್ವಾ? ತಂದು ಗರಾಜಿನಲ್ಲಿಟ್ಟೆ. ಇಡೀ ಬೇಸಿಗೆ ಅದು ಅಲ್ಲೇ ಬೆಂದಿತು. ಸೆಪ್ಟೆಂಬರ್‌ನಲ್ಲಿ ಬಿತ್ತಿದೆ. ಹತ್ತೇ ದಿನಕ್ಕೆ ಹಸಿರು. ಅಕ್ಕಪಕ್ಕದವರು ಹೊಗಳಿದ್ದೇ ಹೊಗಳಿದ್ದು.

ಮರುವರ್ಷ ಜುಲೈ. ಡ್ರೈವ್‌ವೇ ಪಕ್ಕ, ಬಿಸಿಲು ಹೆಚ್ಚು ಬೀಳುವ ಕಡೆ, ತಟ್ಟೆಯಗಲದ ಹಳದಿ ಮಚ್ಚೆಗಳು ಕಾಣಿಸಿದವು. ನೀರು ಸಾಲದು ಅಂದುಕೊಂಡೆ. ದಿನಾ ಬೆಳಿಗ್ಗೆ ಸ್ಪ್ರಿಂಕ್ಲರ್. ಮಚ್ಚೆಗಳು ಹರಡಿ ಒಂದಕ್ಕೊಂದು ಕೂಡಿಕೊಂಡವು. ಆಗಸ್ಟ್ ಹೊತ್ತಿಗೆ ಮುಂದಿನ ಅಂಗಳ ಒಣ ಹುಲ್ಲಿನ ಬಣ್ಣ. ನೀರಿನ ಬಿಲ್ ಬೇರೆ ಬಂತು, ಅದರ ಮಾತು ಬೇಡ.

ಆಗ ಅಮ್ಮ ಊರಿಂದ ಬಂದಿದ್ದರು. ಹರಿಹರದ ಹತ್ತಿರ ನಮ್ಮದು ಭತ್ತದ ಗದ್ದೆ. ಬಾಗಿಲಲ್ಲೇ ನಿಂತು ನೋಡಿ, "ಇದು ಜಿಗಿಹುಳ ಬಿದ್ದ ಗದ್ದೆ ಇದ್ದಂಗೆ ಐತಲ್ಲೋ. ಬುಡ ಬಗೆದು ನೋಡಿದ್ಯಾ?" ಅಂದರು. ಕಂಪ್ಯೂಟರ್ ಮುಂದೆ ಕೂತು ಎರಡು ವಾರ ಹುಡುಕಿದ ನನಗೆ ಬಗ್ಗಿ ನೋಡಬೇಕು ಅಂತ ಹೊಳೆದಿರಲಿಲ್ಲ.

ಪಕ್ಕದ ಮನೆಯ ಅಜ್ಜ ಎರಡೂ ಕಡೆ ಕತ್ತರಿಸಿದ ಕಾಫಿ ಡಬ್ಬ ತಂದರು. ಒಣಗಿದ ಜಾಗದಲ್ಲಲ್ಲ, ಹಳದಿಗೂ ಹಸಿರಿಗೂ ನಡುವಿನ ಅಂಚಿನಲ್ಲಿ ಅದನ್ನು ಮಣ್ಣಿಗೆ ಒತ್ತಿ ನೀರು ತುಂಬಿಸಿದರು. ಐದಾರು ನಿಮಿಷ ಕಾಯುತ್ತಿದ್ದ ಹಾಗೆ ಹುಳಗಳು ತೇಲಿ ಬಂದವು. ದೊಡ್ಡವು ಕಪ್ಪು, ಬೆನ್ನ ಮೇಲೆ ಬಿಳಿ ರೆಕ್ಕೆ, ಅಕ್ಕಿಕಾಳಿಗಿಂತ ಚಿಕ್ಕವು. ಮರಿಗಳು ಕೆಂಪು, ಬೆನ್ನಿಗೆ ಅಡ್ಡ ಬಿಳಿ ಪಟ್ಟಿ. ಚಿಂಚ್ ಬಗ್. ಜಿಗಿಹುಳದ ಹಾಗೇ ಇವೂ ಬುಡದಲ್ಲಿ ಕೂತು ರಸ ಹೀರುತ್ತವೆ. ಹೀರುವಾಗ ಬಿಡುವ ಜೊಲ್ಲು ಕೂಡ ಹುಲ್ಲಿಗೆ ವಿಷ. ಅಮ್ಮನ ಮುಖದಲ್ಲಿ ಗೆದ್ದ ನಗು.

ಕೀಟ ತಡೆಯುವ ಹುಲ್ಲಿಗೆ ಕೀಟ ಹೇಗೆ ಬಂತು? ರೈತರಿಗೆ, ತೋಟ ಮಾಡುವವರಿಗೆ ಸಲಹೆ ಕೊಡುವ ಕೌಂಟಿಯ ಎಕ್ಸ್‌ಟೆನ್ಷನ್ ಆಫೀಸಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಲೇಬಲ್ ಮೇಲಿನ ಟೆಸ್ಟ್ ಡೇಟ್, ಅಂದರೆ ಬೀಜದ ಮೊಳಕೆ ಪರೀಕ್ಷಿಸಿದ ದಿನ, ಏನು? ಬೀಜ ಎಲ್ಲಿಟ್ಟಿದ್ದಿರಿ?

ವಿಷಯ ಹೀಗಿದೆ. ಇಲ್ಲಿ ಕೀಟ ತಡೆಯುವ ಶಕ್ತಿ ಹುಲ್ಲಿನದಲ್ಲ, ಅದರೊಳಗೆ ಬಾಡಿಗೆಗಿರುವ ಒಂದು ಶಿಲೀಂಧ್ರದ್ದು. ಅದಕ್ಕೇ ಎಂಡೋಫೈಟ್ ಅನ್ನುವುದು. ಹುಲ್ಲಿಗೆ ರೋಗ ತರುವುದಿಲ್ಲ. ಕಾಂಡದ ಬುಡದಲ್ಲಿ, ಎಲೆಯ ಕವಚದಲ್ಲಿ ಇದ್ದುಕೊಂಡು ಕೀಟಕ್ಕೆ ಆಗದ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳನ್ನು ಮಾಡುತ್ತದೆ. ಹುಲ್ಲು ಅದಕ್ಕೆ ಊಟ, ಮನೆ ಕೊಡುತ್ತದೆ. ಸಾಡ್ ವೆಬ್‌ವರ್ಮ್ ಎಂಬ ಹುಳ ಕೆಲವು ರೈಗ್ರಾಸ್ ತಳಿಗಳನ್ನು ಮುಟ್ಟದಿರುವುದಕ್ಕೆ ಈ ಶಿಲೀಂಧ್ರದ ನಂಟಿದೆ ಎಂದು ರಟ್ಗರ್ಸ್ ವಿಶ್ವವಿದ್ಯಾಲಯದ ರೀಡ್ ಫಂಕ್ ಮತ್ತು ಜೊತೆಗಾರರು 1983ರಲ್ಲಿ ಪ್ರಕಟಿಸಿದರು. ಅದೂ ನಮ್ಮ ನ್ಯೂಜೆರ್ಸಿಯಲ್ಲೇ! ನನ್ನ ಮನೆಯಿಂದ ಅರ್ಧ ಗಂಟೆ ದಾರಿ.

ಆದರೆ ಈ ಬಾಡಿಗೆದಾರ ಬಲು ನಾಜೂಕು. ಸೆಕೆ, ತೇವದಲ್ಲಿ ಬೀಜಕ್ಕಿಂತ ಮೊದಲು ಸಾಯುತ್ತಾನೆ. ಮಾಮೂಲಿ ಉಗ್ರಾಣದಲ್ಲಿ ವರ್ಷ, ಒಂದೂವರೆ ವರ್ಷದಲ್ಲೇ ಬಹುಪಾಲು ಹೋಗಿಬಿಡಬಹುದು. ಬೀಜ ಮಾತ್ರ ಚೆನ್ನಾಗಿಯೇ ಮೊಳೆಯುತ್ತದೆ. ಅದೇ ಮೋಸ. ನನ್ನ ಚೀಲದ ಟೆಸ್ಟ್ ಡೇಟ್ ನಾನು ಕೊಳ್ಳುವಾಗಲೇ ಹದಿನೈದು ತಿಂಗಳು ಹಳೆಯದು. ಮೇಲೆ ನನ್ನ ಗರಾಜಿನ ಬೇಸಿಗೆ. ಮೊಳೆತದ್ದು ಬರೀ ಹುಲ್ಲು.

ಒಮ್ಮೆ ಹೋದರೆ ಲಾನಿಗೆ ಅದನ್ನು ಆಮೇಲೆ ಹಾಕಲು ಬರುವುದಿಲ್ಲ. ಒಂದು ಗಿಡದಿಂದ ಪಕ್ಕದ ಗಿಡಕ್ಕೆ ಅದು ಹರಡುವುದೂ ಇಲ್ಲ. ಬೀಜದ ಮೂಲಕವೇ ಬರಬೇಕು. ಹಾಗಾಗಿ ಹೊಸ ಬೀಜ ತಂದು ಮತ್ತೆ ಬಿತ್ತದೆ ದಾರಿಯಿಲ್ಲ. ಲಾನ್ ನೋಡಿಕೊಳ್ಳುವ ಕಂಪನಿಯವನೊಬ್ಬ ಬಂದು ವರ್ಷಕ್ಕೆ ಆರು ಸಲ ಸ್ಪ್ರೇ ಮಾಡುವ ಕಾಂಟ್ರಾಕ್ಟ್ ಮುಂದಿಟ್ಟ. ಟೀ ಕೊಟ್ಟು ಕಳಿಸಿದೆ.

ಕೊಳ್ಳುವಾಗ ಇನ್ನೊಂದು ನೋಡಿ. ಚೀಲದಲ್ಲಿ ಕೆಂಟಕಿ ಬ್ಲೂಗ್ರಾಸ್ ಜಾಸ್ತಿ ಇದ್ದರೆ ಆ ಪಾಲಿಗೆ ಈ ರಕ್ಷಣೆ ಇಲ್ಲ ಅಂತಲೇ ತಿಳಿಯಿರಿ. ಮಣ್ಣಿನೊಳಗೆ ಬೇರು ತಿನ್ನುವ ಬಿಳಿ ಗೊಣ್ಣೆಹುಳಕ್ಕೂ ಇದನ್ನು ನೆಚ್ಚಬೇಡಿ. ಆಲ್ಕಲಾಯ್ಡ್ ಹೆಚ್ಚಾಗಿರುವುದು ನೆಲದ ಮೇಲಿನ ಭಾಗದಲ್ಲಿ, ಬೇರಿನಲ್ಲಲ್ಲ. ಜಪಾನೀಸ್ ಬೀಟಲ್ ಎಂಬ ದುಂಬಿಯ ಮರಿಯೂ ಇಂಥ ಗೊಣ್ಣೆಹುಳವೇ, ಅದರ ಕಾಟ ಇಲ್ಲಿ ಎಷ್ಟಿದೆ ಅಂತ ಗುಲಾಬಿ ಬೆಳೆಸುವವರಿಗೆ ಗೊತ್ತೇ ಇದೆ.

ಈ ಸಲ ಟೆಸ್ಟ್ ಡೇಟ್ ಆರು ತಿಂಗಳೊಳಗಿನದು ನೋಡಿ, ಪೂರ್ತಿ ಬೆಲೆ ಕೊಟ್ಟು, ಬಿತ್ತುವ ವಾರವೇ ತಂದೆ. ಅಮ್ಮ ಒಂದಿಷ್ಟು ಊರಿಗೆ ಒಯ್ದು ದನಕ್ಕೆ ಬೆಳೆಸೋಣ ಅಂದರು. ಖಂಡಿತ ಬೇಡ ಅಂದೆ. ಆ ದೇಶಕ್ಕೆ ಬೀಜ ಒಯ್ಯಲು ನಿಯಮಗಳಿವೆ, ಅದಕ್ಕಿಂತ ಹೆಚ್ಚಾಗಿ ಇದೇ ಆಲ್ಕಲಾಯ್ಡ್‌ಗಳಲ್ಲಿ ಕೆಲವು ದನ, ಕುದುರೆಗಳಿಗೂ ವಿಷ. ಫೆಸ್ಕ್ಯೂ ಮೇಯ್ದು ದನಗಳ ಗೊರಸು, ಬಾಲದ ತುದಿ ಕೊಳೆತದ್ದೂ ಇದೆ. ಕತ್ತರಿಸಿದ ಹುಲ್ಲನ್ನು ಯಾರ ಕುದುರೆಗೂ ಹಾಕಬೇಡಿ.

ಮಿಕ್ಕ ಬೀಜ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಫ್ರಿಜ್ ಸೇರಿದೆ. ಮೇಲೆ ದೊಡ್ಡ ಅಕ್ಷರದಲ್ಲಿ 'ಇದು ಜೀರಿಗೆ ಅಲ್ಲ' ಅಂತ ಅಮ್ಮ ಬರೆದಿಟ್ಟಿದ್ದಾರೆ.