ಥಿಯೇಟರ್‌ನಲ್ಲಿ ಮೆಟ್ ಆಪೆರಾ ನೇರಪ್ರಸಾರ: ನೋಡಲೇಬೇಕು, ಆದರೆ ಸೀಟು ನೋಡಿ ಆರಿಸಿ

ಆಪೆರಾ ಎಂದರೆ ಹಾಡಿನಲ್ಲೇ ಕಥೆ ಹೇಳುವ ಪಾಶ್ಚಾತ್ಯ ಸಂಗೀತ ನಾಟಕ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾ (ಮೆಟ್) ಸಂಸ್ಥೆ 2006ರ ಡಿಸೆಂಬರ್‌ನಿಂದ ತನ್ನ ಶನಿವಾರದ ಮಧ್ಯಾಹ್ನದ ಕೆಲವು ಪ್ರದರ್ಶನಗಳನ್ನು ಉಪಗ್ರಹದ ಮೂಲಕ ಸಿನಿಮಾ ಮಂದಿರಗಳಿಗೆ ಕಳಿಸುತ್ತಿದೆ. ಸಾಮಾನ್ಯವಾಗಿ ಅಲ್ಲಿ 1 ಗಂಟೆಗೆ ಶುರು. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಅದು ಬೆಳಿಗ್ಗೆ 10. ತಿಂಡಿ ಮುಗಿಸಿಯೇ ಹೋಗಿ. ಮೂರರಿಂದ ನಾಲ್ಕು ಗಂಟೆ ಕೂರಬೇಕು, ಜರ್ಮನ್ ಸಂಗೀತಕಾರ ವ್ಯಾಗ್ನರ್‌ನ ಕೃತಿ ಆದರೆ ಐದು ದಾಟಬಹುದು.

ಮುಂದಿನ ಸಾಲು ಬೇಡ. ಕ್ಯಾಮೆರಾ ಗಾಯಕರ ಮುಖಕ್ಕೆ ತೀರಾ ಹತ್ತಿರ ಹೋಗುತ್ತದೆ, ಕೆಳಗಿನ ಸಬ್‌ಟೈಟಲ್ ಓದಲು ಕತ್ತು ನೋಯುತ್ತದೆ. ಹಾಲ್‌ನ ಮೂರನೇ ಎರಡು ಭಾಗ ಹಿಂದೆ, ನಟ್ಟನಡುವೆ ಕೂತರೆ ದನಿಯೂ ಸಮವಾಗಿ ಕೇಳುತ್ತದೆ. ಸದ್ದು ಸಣ್ಣದಿದ್ದರೆ ಮೊದಲ ಹತ್ತು ನಿಮಿಷದಲ್ಲೇ ಸಿಬ್ಬಂದಿಗೆ ಹೇಳಿ. ವಾದ್ಯವೃಂದದ ಮಂದ್ರ ಕೇಳದಿದ್ದರೆ ಅರ್ಧ ಸಂಗೀತವೇ ಹೋದಂತೆ.

ಜೋರು ಮಳೆ, ಹಿಮ ಬಿದ್ದರೆ ಸಿಗ್ನಲ್ ಕಡಿದು ಚಿತ್ರ ನಿಂತುಬಿಡಬಹುದು. ತುಂಬಾ ಹೊತ್ತು ಹೋದರೆ ಬದಲಿ ಟಿಕೆಟ್ ಕೇಳಿ. ಮುಂದಿನ ಬುಧವಾರ ಚಿತ್ರೀಕರಿಸಿಟ್ಟ ಪ್ರದರ್ಶನದ ಮರುಪ್ರಸಾರ ಇರುವುದುಂಟು.

ವಿರಾಮದಲ್ಲಿ ಎದ್ದು ಹೋಗಬೇಡಿ. ಆಗ ಕ್ಯಾಮೆರಾ ತೋರಿಸುವ, ವೇದಿಕೆಯ ಪರದೆಯ ಹಿಂದೆ ಸೆಟ್ ಬದಲಿಸುವ ಕೆಲಸಗಾರರು, ಈಗಷ್ಟೇ ಹಾಡಿ ಬಂದು ಇನ್ನೂ ಏದುಸಿರು ಬಿಡುತ್ತಾ ಮಾತಾಡುವ ಗಾಯಕಿ, ಇದು ಆಪೆರಾ ಭವನದ ದುಬಾರಿ ಸೀಟಿನಲ್ಲಿ ಕೂತವರಿಗೂ ಸಿಗದ ನೋಟ. ಮೈಕಿಲ್ಲದೆ ಭವನ ತುಂಬುವ ಕಂಠದ ಅನುಭವ ಮಾತ್ರ ಇಲ್ಲಿ ದಕ್ಕುವುದಿಲ್ಲ.