ಬರೀ ಗಾಬ್ಲಿನ್ ತುಂಬಿ ಡೆಕ್ ಕಟ್ಟಿದೆ, ನೀವು ಕಟ್ಟಬೇಡಿ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದಲ್ಲಿ ಒಂದೇ ಬಣ್ಣದ, ಒಂದೇ ಥೀಮಿನ ಡೆಕ್ ಕಟ್ಟಲು ಹೊರಟಿದ್ದೀರಾ? ಕಾರ್ಡ್ ಕೊಳ್ಳುವ ಮೊದಲು ಇದನ್ನು ಓದಿ. ನಾನು ಕಟ್ಟಿ ಮಣ್ಣು ಮುಕ್ಕಿದ್ದೇನೆ.

ನನ್ನದು ಕೆಂಪು ಗಾಬ್ಲಿನ್ ಡೆಕ್. 60 ಕಾರ್ಡುಗಳಲ್ಲಿ 22 ಮೌಂಟನ್ (ಕೆಂಪು ಮಾನಾ, ಅಂದರೆ ಕಾರ್ಡ್ ಆಡಲು ಬೇಕಾದ ಶಕ್ತಿ, ಕೊಡುವ ಕಾರ್ಡ್), 4 ಲೈಟ್ನಿಂಗ್ ಬೋಲ್ಟ್ (ನೇರವಾಗಿ ಪೆಟ್ಟು ಕೊಡುವ ಸ್ಪೆಲ್), ಮಿಕ್ಕ 34 ಬರೀ ಗಾಬ್ಲಿನ್, ಅಂದರೆ ಕಾದಾಡುವ ಕುಳ್ಳ ಜೀವಿಗಳು. ಕಾರ್ಡಿಗೆ ಹಾಕುವ ಸ್ಲೀವ್ ಕೂಡ ಕೆಂಪೇ. ಮೊದಲ ಪಟ್ಟಿಯಲ್ಲಿ ರ‍್ಯಾಚೆಟ್ ಬಾಂಬ್ ಇತ್ತು. ಬಣ್ಣವಿಲ್ಲದ ಆರ್ಟಿಫ್ಯಾಕ್ಟ್ (ವಸ್ತುವಿನ ಕಾರ್ಡ್), ಯಾವ ಡೆಕ್ಕಿಗಾದರೂ ಸೇರುತ್ತದೆ. ಗಾಬ್ಲಿನ್ ದಂಡಿನ ನಡುವೆ ಈ ಡಬ್ಬಿ ಯಾಕೆ ಅಂತ ತೆಗೆದು ಬಿಸಾಕಿದೆ. (ಗಾಬ್ಲಿನ್ ಸಿಗಲಿ ಎಂದು ಬೂಸ್ಟರ್ ಪ್ಯಾಕ್ ಒಡೆದಿದ್ದು ಇನ್ನೊಂದು ದಡ್ಡತನ. ಪ್ಯಾಕಿನಲ್ಲಿ ಎಲ್ಲ ಬಣ್ಣವೂ ಬರುತ್ತದೆ, ನಮಗೆ ಬೇಕಾದದ್ದು ಒಂದೋ ಎರಡೋ. ಬಿಡಿ ಕಾರ್ಡ್ ತಗೊಳ್ಳಿ.)

ಟೂರ್ನಮೆಂಟಿನಲ್ಲಿ ಎದುರಿಗೆ ಬಂದದ್ದು ಬಿಳಿ ಡೆಕ್. ನಾನು ಇಳಿಸಿದ್ದು ಮೊದಲ ಟರ್ನಿಗೆ ಗಾಬ್ಲಿನ್ ಗೈಡ್, ಎರಡಕ್ಕೆ ಪೈಲ್‌ಡ್ರೈವರ್, ಮೂರಕ್ಕೆ ಚೀಫ್‌ಟನ್. ನಾಲ್ಕನೇ ಟರ್ನಿಗೆ ಅವರ 20 ಲೈಫ್ ಖಾಲಿ. ನಾನು ಮೀಸೆ ತಿರುವುತ್ತಾ ಕೂತೆ.

ಎರಡನೇ ಆಟಕ್ಕೆ ಅವರು ಸೈಡ್‌ಬೋರ್ಡಿನಿಂದ (ಆಟಗಳ ನಡುವೆ ಬದಲಿಸಲು ಪಕ್ಕಕ್ಕಿಡುವ ಕಾರ್ಡುಗಳು) ಕೋರ್ ಫೈರ್‌ವಾಕರ್ ತಂದರು. 2010ರ ವರ್ಲ್ಡ್‌ವೇಕ್ ಸೆಟ್ಟಿನ ಕಾರ್ಡ್, ಎರಡೇ ಬಿಳಿ ಮಾನಾ, 2/2 (ಹೊಡೆತ 2, ತಾಳಿಕೆ 2). ನೋಡಲು ಪಾಪದ್ದು. ಆದರೆ ಕೆಂಪಿನ ವಿರುದ್ಧ ಪ್ರೊಟೆಕ್ಷನ್ ಇದೆ! ಬೋಲ್ಟನ್ನು ಅದರ ಮೇಲೆ ಹಾಕುವಂತಿಲ್ಲ. ಗಾಬ್ಲಿನ್‌ಗಳು ಅದನ್ನು ಬ್ಲಾಕ್ ಮಾಡುವಂತಿಲ್ಲ. ಅದೇ ಬ್ಲಾಕಿಗೆ ನಿಂತರೆ ನನ್ನವನು ಸಾಯುತ್ತಾನೆ, ಅದಕ್ಕೆ ಒಂದು ಗೀರೂ ಇಲ್ಲ. ಸಾಲದ್ದಕ್ಕೆ ಯಾರೇ ಕೆಂಪು ಸ್ಪೆಲ್ ಹಾಕಿದರೂ ನನ್ನ ಎದುರಾಳಿಗೆ 1 ಲೈಫ್. ನನ್ನ ಕೈಯಲ್ಲಿದ್ದದ್ದೆಲ್ಲ ಕೆಂಪೇ ತಾನೆ? ನಾನು ಗಾಬ್ಲಿನ್ ಇಳಿಸಿದಾಗಲೆಲ್ಲ ಅವರು ಮಾತಾಡದೆ ದಾಳ ತಿರುಗಿಸಿ ಅಂಕಿ ಏರಿಸುತ್ತಿದ್ದರು. ಎರಡನೇ ಫೈರ್‌ವಾಕರ್ ಬಂದ ಮೇಲೆ ಎರಡೆರಡು. ಪೈಲ್‌ಡ್ರೈವರ್‌ಗೆ ನೀಲಿ ವಿರುದ್ಧ ಪ್ರೊಟೆಕ್ಷನ್ ಇದೆ ಎಂದು ನೀಲಿ ಡೆಕ್ಕಿನ ಗೆಳೆಯನನ್ನು ನಾನು ಅದೆಷ್ಟು ಗೋಳು ಹೊಯ್ದುಕೊಂಡಿದ್ದೆನೋ!

ನನ್ನ ಸೈಡ್‌ಬೋರ್ಡಿನ 15 ಕಾರ್ಡೂ ಕೆಂಪು. ಮೂರನೇ ಆಟವೂ ಹೋಯಿತು.

ಒಂದೇ ಬಣ್ಣ ಆಡಿದರೆ ಮಾನಾ ತಾಪತ್ರಯ ಇಲ್ಲ, ನಿಜ. ಆದರೆ ಪ್ರತಿ ಬಣ್ಣಕ್ಕೂ ಕೈಲಾಗದ ಕೆಲಸಗಳಿವೆ. ಕೆಂಪು ಬಣ್ಣ ಆರ್ಟಿಫ್ಯಾಕ್ಟನ್ನು ಚೂರುಮಾಡುತ್ತದೆ, ಎನ್‌ಚ್ಯಾಂಟ್‌ಮೆಂಟ್ (ಮೇಜಿನ ಮೇಲೆ ಉಳಿಯುವ ಮಂತ್ರ) ಎದುರು ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತದೆ. ಹಸಿರು ಅವೆರಡನ್ನೂ ಒಡೆಯುತ್ತದೆ, ಆದರೆ ಎದುರಿನ ಕ್ರೀಚರ್ (ಕಾದಾಡುವ ಜೀವಿಯ ಕಾರ್ಡ್) ಸಾಯಬೇಕಾದರೆ ಸಾಮಾನ್ಯವಾಗಿ ತನ್ನದನ್ನೇ ಕಾದಾಟಕ್ಕೆ ಬಿಡಬೇಕು. ಎರಡು ಬಣ್ಣದ ಡೆಕ್ಕಿನಲ್ಲಿ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಒಂದೇ ಬಣ್ಣದ ನಮಗೆ ಉಳಿದಿರುವುದು ಬಣ್ಣವಿಲ್ಲದ ಕಾರ್ಡುಗಳೇ, ನಾನು ಬಿಸಾಕಿದ್ದೂ ಅವನ್ನೇ.

ಈಗ ಗಾಬ್ಲಿನ್ 31, ರ‍್ಯಾಚೆಟ್ ಬಾಂಬ್ 3. ಬಾಂಬಿನ ಮೇಲೆ ಎರಡು ಕೌಂಟರ್ (ಎಣಿಕೆಯ ಬಿಲ್ಲೆ) ಕೂಡಿಸಿ ಸಿಡಿಸಿದರೆ ಎರಡು ಮಾನಾದ ಫೈರ್‌ವಾಕರ್ ಉಡೀಸ್. ಅಷ್ಟೇ ಬೆಲೆಯ ನನ್ನ ಪೈಲ್‌ಡ್ರೈವರ್‌ಗಳೂ ಜೊತೆಗೇ ಹೋಗುತ್ತವೆ. ಹೋಗಲಿ ಬಿಡಿ.