ಪಿಎಂಇಜಿಪಿಯೋ, ಮುದ್ರಾ ಸಾಲವೋ? ನಮ್ಮ ಮನೆಯಲ್ಲಿ ಎರಡೂ ಇವೆ

ಹುಬ್ಬಳ್ಳಿ ಹತ್ತಿರದ ಹಳ್ಳಿ ನಮ್ಮದು. ಮನೆಯವರ ಕೆಲಸ ಹೋದ ಮೇಲೆ ಇಬ್ಬರೂ ಸ್ವಂತ ಉದ್ಯೋಗಕ್ಕೆ ಇಳಿದೆವು. ಅವರ ಮೊಬೈಲ್ ರಿಪೇರಿ ಅಂಗಡಿಗೆ ಮುದ್ರಾ ಸಾಲ, ನನ್ನ ಖಡಕ್ ರೊಟ್ಟಿ ಘಟಕಕ್ಕೆ ಪಿಎಂಇಜಿಪಿ, ಅಂದರೆ ಹೊಸ ಘಟಕಕ್ಕೆ ಸಬ್ಸಿಡಿ ಸಮೇತ ಬ್ಯಾಂಕ್ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಯೋಜನೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಪಿಎಂಇಜಿಪಿ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಸಬ್ಸಿಡಿ ಜಾಸ್ತಿ, ಹಾಗಾಗಿ ಆ ಅರ್ಜಿ ನನ್ನ ಹೆಸರಲ್ಲಿ ಹಾಕಿದೆವು.

ಮುದ್ರಾದ ದೊಡ್ಡ ಗುಣ ಅಂದರೆ ಬೇಗ ಆಗುತ್ತದೆ. ಸಾಲದ ಮೊತ್ತದ ಮೇಲೆ ಅದರಲ್ಲಿ ವಿಭಾಗಗಳಿವೆ: ಶಿಶುವಿನಲ್ಲಿ 50 ಸಾವಿರದವರೆಗೆ, ಕಿಶೋರ್‌ನಲ್ಲಿ 5 ಲಕ್ಷದವರೆಗೆ ಸಾಲ. ಮನೆಯವರು ಕಿಶೋರ್‌ನಲ್ಲಿ ಒಂದೂವರೆ ಲಕ್ಷ ಕೇಳಿದರು. ಮೊದಲು ಹೋದ ಬ್ಯಾಂಕಿನಲ್ಲಿ ಹೊಲದ ಪತ್ರ ಇಡಿ ಅಂದರು. ಮುದ್ರಾಕ್ಕೆ ಅಡಮಾನ ಬೇಕಿಲ್ಲ, ಸುಮ್ನೆ ಒಪ್ಪಿಕೊಳ್ಳಬೇಡಿ. ಬೇರೆ ಬ್ಯಾಂಕಿನಲ್ಲಿ ಉದ್ಯಮ್ ನೋಂದಣಿ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ), ಬಾಡಿಗೆ ಕರಾರು, ಸಾಮಾನಿನ ಕೊಟೇಶನ್ ಕೊಟ್ಟ ಮೇಲೆ ಸಾಲ ಆಯಿತು. ಆದರೆ ಸಬ್ಸಿಡಿ ಒಂದು ಪೈಸೆಯೂ ಇಲ್ಲ. ತೊಗೊಂಡಷ್ಟೂ ಬಡ್ಡಿ ಸಮೇತ ಕಟ್ಟಬೇಕು.

ಪಿಎಂಇಜಿಪಿ ಲೆಕ್ಕವೇ ಬೇರೆ. ನನ್ನ ಘಟಕದ ವೆಚ್ಚ 8 ಲಕ್ಷ. ಮಹಿಳೆಯಾದ್ದರಿಂದ ಕೈಯಿಂದ ಹಾಕಿದ್ದು ಶೇ. 5, ಅಂದರೆ 40 ಸಾವಿರ. ಉಳಿದ 7.60 ಲಕ್ಷ ಬ್ಯಾಂಕಿನದು. ಹಳ್ಳಿಯಲ್ಲಿ ಮಹಿಳೆಯರಿಗೆ ಸಬ್ಸಿಡಿ ಶೇ. 35, ಅಂದರೆ 2.80 ಲಕ್ಷ. ಕೊನೆಗೆ ನನ್ನ ಮೇಲೆ ಉಳಿಯುವ ಅಸಲು 4.80 ಲಕ್ಷ. ಸಾಮಾನ್ಯ ವರ್ಗದ ಗಂಡಸರು ಪೇಟೆಯಲ್ಲಿ ಶುರು ಮಾಡಿದರೆ ಸಬ್ಸಿಡಿ ಶೇ. 15 ಮಾತ್ರ, ಕೈಯಿಂದ ಶೇ. 10 ಹಾಕಬೇಕು.

ಈ ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಟಿಡಿಆರ್ (ಅವಧಿ ಠೇವಣಿ) ಖಾತೆಯಲ್ಲಿ 3 ವರ್ಷ ಇರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಘಟಕ ನಡೆಯುತ್ತಿದೆ ಎಂದು ಬಂದು ನೋಡಿದ ಮೇಲೆ ಸಾಲಕ್ಕೆ ಜಮಾ ಮಾಡುತ್ತಾರೆ. ನಡುವೆ ಬಾಗಿಲು ಹಾಕಿದರೆ ಸಬ್ಸಿಡಿ ಹೋಯಿತು ಅಂತಲೇ ಲೆಕ್ಕ.

ಓಡಾಟ ಮಾತ್ರ ವಿಪರೀತ. ಆನ್‌ಲೈನ್ ಅರ್ಜಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಗ್ರಾಮೀಣ ಪ್ರದೇಶದ ಪ್ರಮಾಣ ಪತ್ರ, ತರಬೇತಿ, ಆಮೇಲೆ ಬ್ಯಾಂಕು. ಮ್ಯಾನೇಜರ್ ಯೋಜನಾ ವರದಿಯ ಮೊದಲ ಪುಟ ಬಿಟ್ಟು ಸೀದಾ ಮಾರಾಟದ ಪುಟಕ್ಕೆ ಬಂದರು. "ಇಷ್ಟು ರೊಟ್ಟಿ ಯಾರು ತೊಗೋತಾರಮ್ಮಾ?" ಅಂದರು. ಖಾನಾವಳಿಯವರು ಬರೆದುಕೊಟ್ಟ ಚೀಟಿಗಳನ್ನು ಮುಂದಿಟ್ಟೆ. ಒಂದೊಂದನ್ನೂ ಓದಿ, ಇಬ್ಬರಿಗೆ ಅಲ್ಲೇ ಫೋನ್ ಮಾಡಿದರು. ವರದಿಗಿಂತ ಆ ಚೀಟಿಗಳೇ ಕೆಲಸ ಮಾಡಿದವು ಅಂತ ನನ್ನ ನಂಬಿಕೆ.

ತಿಂಡಿ ತಿನಿಸು ಮಾಡುವವರಿಗೆ ಕೇಂದ್ರದ ಇನ್ನೊಂದು ಸಬ್ಸಿಡಿ ಯೋಜನೆ ಪಿಎಂಎಫ್‌ಎಂಇ ಕೂಡ ಇದೆ. ಕೇಂದ್ರದ ಶೇ. 35 ಸಬ್ಸಿಡಿಗೆ ನಮ್ಮ ರಾಜ್ಯ ಶೇ. 15 ಸೇರಿಸುತ್ತದೆ. ಆದರೆ ಕೈಯಿಂದ ಶೇ. 10 ಹಾಕಬೇಕು, ಆಗ ನಮ್ಮ ಹತ್ತಿರ ಅಷ್ಟಿರಲಿಲ್ಲ.

ಲಕ್ಷ, ಎರಡು ಲಕ್ಷದಲ್ಲಿ ಮುಗಿಯುವ ಅಂಗಡಿಗೆ ಮುದ್ರಾನೇ ಸಾಕು. ಯಂತ್ರ ಹಾಕುವ ಕೆಲಸಕ್ಕೆ, ಅದೂ ಹಳ್ಳಿಯ ಹೆಣ್ಣುಮಕ್ಕಳಿಗೆ, ಎಷ್ಟೇ ತಡವಾದರೂ ಪಿಎಂಇಜಿಪಿ ಬಿಡಬೇಡಿ. ಅದು ಹೊಸ ಘಟಕಕ್ಕೆ ಮಾತ್ರ, ಆದ್ದರಿಂದ ಕೆಲಸ ಶುರು ಮಾಡುವ ಮುಂಚೆಯೇ ಅರ್ಜಿ ಹಾಕಿ. ಮುದ್ರಾದಲ್ಲಿ ಶುರು ಮಾಡಿದವರಿಗೂ ಒಂದು ದಾರಿ ಇದೆ: ಸಾಲ ಸರಿಯಾಗಿ ತೀರಿಸಿ, ಘಟಕ ಲಾಭದಲ್ಲಿದ್ದರೆ, ಅದನ್ನು ಬೆಳೆಸಲು ಪಿಎಂಇಜಿಪಿಯ ಎರಡನೇ ಸಾಲ ಕೇಳಬಹುದು. ಅದಕ್ಕೆ ಸಬ್ಸಿಡಿ ಶೇ. 15.